ಬೇಗ ಬರುವ ನೆಲ

ಮನೆಯಿಂದ, ಕೆಳಗಿನ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೆಸರು ಬರೆಯೋಣ ಎಂದುಕೊಂಡೆ, ಕೈ ಬರಲಿಲ್ಲ. ನಲವತ್ತೊಂಬತ್ತು ವರ್ಷ "ಇವಳೇ, ಇವಳೇ" ಎಂದು ಕೂಗಿದ ಮೇಲೆ ಈಗ ಕಾಗದದಲ್ಲಿ ನಿನ್ನ ಹೆಸರು ಬರೆದರೆ ಯಾರೋ ಗುರುತಿಲ್ಲದ ಹೆಂಗಸಿಗೆ ಬರೆದ ಹಾಗಾಗುತ್ತದೆ. ಮಗಳ ಮನೆಯಲ್ಲಿ ಹೇಗಿದ್ದೀಯ? ಸೊಂಟದ ಹೊಲಿಗೆಯ ಜಾಗ ಪೂರ್ತಿ ಒಣಗಿತೇ? ಮಂಡಿಯ ಊತ ಬೆಳಗಿನ ಹೊತ್ತು ಹಾಗೇ ಇದೆಯೋ, ಇಳಿದಿದೆಯೋ? ಕ್ಯಾಲ್ಸಿಯಂ ಮಾತ್ರೆಯನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು, ಮಗಳು ಅತ್ತ ತಿರುಗಿದ ಮೇಲೆ ಹೂಕುಂಡಕ್ಕೆ ಉಗುಳುತ್ತೀಯಂತೆ. ಹೂಕುಂಡದ ಗಿಡಕ್ಕೆ ಮೂಳೆ ಇಲ್ಲ, ಅದಕ್ಕೆ ಯಾಕೆ ಮಾತ್ರೆ? ನುಂಗು. ಸುಣ್ಣ ತಿಂದ ಹಾಗಿರುತ್ತದೆ ಎಂದು ನನಗೂ ಗೊತ್ತು, ನನಗೂ ಅದನ್ನೇ ಬರೆದುಕೊಟ್ಟಿದ್ದಾರೆ. ನಾನು ಸ್ವಲ್ಪ ಜೇನುತುಪ್ಪದ ಜೊತೆ ನುಂಗುತ್ತೇನೆ. ಆ ಜೇನುತುಪ್ಪದ್ದೇ ಒಂದು ಕಥೆ ಇದೆ, ಮುಂದೆ ಹೇಳುತ್ತೇನೆ.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಸುಧಾರಿಸಿಕೊಂಡು ಓದು. ಪೆನ್ನು ಬೆರಳಿಗೆ ನಿಲ್ಲುವುದಿಲ್ಲ. ಮರದ ಮೇಲೆ ಗುರುತು ಹಾಕುವ ನನ್ನ ಚಪ್ಪಟೆ ಪೆನ್ಸಿಲ್ಲಿಗೆ ಬಟ್ಟೆ ಸುತ್ತಿ, ದಪ್ಪ ಮಾಡಿಕೊಂಡು ಬರೆಯುತ್ತಿದ್ದೇನೆ. ಐದು ಸಾಲಿಗೆ ಒಂದು ಸಲ ಕೈಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಕೂರುತ್ತೇನೆ, ಹಾಗಾಗಿ ಅಲ್ಲಲ್ಲಿ ಕಾಗದ ಒದ್ದೆಯಾಗಿದೆ. ಅದು ಕಣ್ಣೀರು ಎಂದುಕೊಂಡು ನೀನು ಮಗಳ ಮುಂದೆ ಜಂಬ ಕೊಚ್ಚಿಕೊಳ್ಳಬೇಡ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಹೇಳಲಿ? ನಿನಗೆ ಕಿವಿ ಮಂದ. ಎದುರಿಗಿದ್ದರೆ ನನ್ನ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತೀಯ, ನಾನು ಹೇಳಬಾರದು ಎಂದುಕೊಂಡದ್ದನ್ನೂ ಸೇರಿಸಿ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ನಾನು ಇಲ್ಲಿಂದ ಕೂಗಬೇಕು, ಮಗಳು ಅದನ್ನು ಅಲ್ಲಿ ನಿನಗೆ ಕೂಗಬೇಕು, ನೀನು ತಲೆಯಾಡಿಸಬೇಕು, ಅವಳು "ಅಮ್ಮ ಹೂಂ ಅಂದ್ಳಪ್ಪಾ" ಎನ್ನಬೇಕು. ಮೂರು ತಿಂಗಳಿಂದ ನನಗೆ ನಿನ್ನಿಂದ ಸಿಕ್ಕಿರುವುದು ಬರೀ ಹೂಂ, ಅದೂ ಮಗಳ ದನಿಯಲ್ಲಿ.

ಭಾನುವಾರ ಅವಳು ಫೋನು ಮಾಡಿದಾಗ ನಿನ್ನಿಂದ ದೂರ ಹೋಗಿ, ಬಾಲ್ಕನಿಯಲ್ಲಿ ನಿಂತು ಮಾತಾಡಿದಳು. ವ್ಯಾಯಾಮ ಮಾಡಿಸುವವಳು ದಿನಾ ಬಂದು ನಿನ್ನ ಮುಂದೆ, ಹಿಡಿದು ನಡೆಯುವ ಆ ನಾಲ್ಕು ಕಾಲಿನ ಕಂಬಿ ಇಡುತ್ತಾಳಂತೆ, ನೀನು ಮುಟ್ಟುವುದೂ ಇಲ್ಲವಂತೆ. ಮೂಳೆ ಕೂಡಿದೆ, ಒಳಗಿನ ಕಬ್ಬಿಣ ಗಟ್ಟಿಯಾಗಿ ಕೂತಿದೆ, ನೋವೂ ಅಷ್ಟಿಲ್ಲ, ಆದರೂ ಏಳುವುದಿಲ್ಲವಂತೆ. "ನನ್ ಕಾಲನ್ನ ನಾನು ನಂಬಲ್ಲ. ಅದಕ್ಕೆ ನೆಲ ಎಲ್ಲಿದೆ ಅಂತ್ಲೇ ಗೊತ್ತಾಗಲ್ಲ. ನಿಮ್ಮಪ್ಪನ್ನೇ ಕೇಳು" ಎಂದೆಯಂತೆ. ಈ ತಿಂಗಳು ಮುಗಿಯುವುದರೊಳಗೆ ಎದ್ದು ನಿಲ್ಲದಿದ್ದರೆ ಕಾಲಿನ ಶಕ್ತಿ ಪೂರ್ತಿ ಹೋಗುತ್ತದೆ, ಆಮೇಲೆ ಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ್ದಾರಂತೆ. ಇನ್ನು ಹದಿನೇಳು ದಿನ ಇದೆ.

ನಿಮ್ಮಪ್ಪನ್ನೇ ಕೇಳು ಎಂದೆಯಲ್ಲ, ಅದು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನೀನು ಬಿದ್ದ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ನೀನು ತಳ್ಳುಮಂಚದ ಮೇಲೆ ಮಲಗಿದ್ದೆ. ಮಗಳಿದ್ದಳು, ಇಬ್ಬರು ನರ್ಸುಗಳಿದ್ದರು. ನಾನು, "ಮಡಿಸಿದ ಬೆಡ್‌ಶೀಟು ಎದೆ ಮಟ್ಟಕ್ಕೆ ಹೊತ್ಕೊಂಡು ಇಳೀತಿದ್ಳು ಡಾಕ್ಟ್ರೇ, ಕೊನೇ ಮೆಟ್ಟಿಲಲ್ಲಿ ಮುಗ್ಗರಿಸಿದ್ಳು. ಇವಳು ಯಾವತ್ತೂ ನೆಲ ನೋಡಿ ನಡೆದೋಳೇ ಅಲ್ಲ" ಎಂದೆ. ಹೇಳಿ ನಿನ್ನ ಕಡೆ ತಿರುಗಿದರೆ ನೀನು ನನ್ನ ತುಟಿಯನ್ನೇ ನೋಡುತ್ತಿದ್ದೆ. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದೆ. ಆ ಡಾಕ್ಟರು ನಿನ್ನ ಮೂಳೆಯ ಚಿತ್ರ ತೋರಿಸಿ, ಹೊರಗಿನಿಂದ ಚೆನ್ನಾಗಿದೆ, ಒಳಗೆ ಟೊಳ್ಳಾಗಿದೆ, ಅದಕ್ಕೇ ಅಷ್ಟು ಚಿಕ್ಕ ಪೆಟ್ಟಿಗೂ ಮುರಿಯಿತು ಎಂದಾಗ ನನಗೆ ಗೆದ್ದಲು ಹಿಡಿದ ತೊಲೆಯ ನೆನಪಾಯಿತು. ಪಾಲಿಶ್ ಹಾಗೇ ಇರುತ್ತದೆ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ನಾನು ಊರವರ ಮನೆ ತೊಲೆಗಳನ್ನೆಲ್ಲ ತಟ್ಟಿ ನೋಡಿದವನು, ನಿನ್ನನ್ನು ಒಂದು ಸಲವೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ನಿನ್ನ ಎತ್ತರ ಕಡಿಮೆಯಾದದ್ದು ನನಗೆ ಕಂಡಿತ್ತು. ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಕರೆದಾಗ, "ಏನೇ, ಕುಗ್ಗಿಹೋದ್ಯಾ?" ಎಂದು ತಮಾಷೆ ಮಾಡಿ, ತೆಗೆದುಕೊಟ್ಟು ಹೋಗುತ್ತಿದ್ದೆ.

ಇರಲಿ. ಮನೆಯ ವಿಷಯ ಹೇಳುತ್ತೇನೆ. ಜೇನುತುಪ್ಪದ ಬಾಟಲಿ. ನಮ್ಮ ಲೆಕ್ಕದಲ್ಲಿ ನೀನು ಬಾಟಲಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯಬೇಕು, ನಾನು ಮುಚ್ಚಳ ತಿರುಗಿಸಬೇಕು. ನಾಲ್ಕು ಕೆಟ್ಟ ಕೈ ಸೇರಿ ಒಂದು ಒಳ್ಳೆಯ ಜೊತೆ ಕೈ ಆಗುತ್ತಿತ್ತು. ಈಗ ನಾನೊಬ್ಬನೇ. ತೊಡೆಯ ನಡುವೆ ಇಟ್ಟುಕೊಂಡು ತಿರುಗಿಸಿದೆ, ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ತಿರುಗಿಸಿದೆ, ಹೆಬ್ಬೆರಳಿನ ಬುಡದಲ್ಲಿ ಕರೆಂಟು ಹೊಡೆದ ಹಾಗಾಯಿತು. ಕೊನೆಗೆ ಬಾಟಲಿ ಹಿಡಿದುಕೊಂಡು ಎದುರಿನ ಕ್ಷೌರದ ಅಂಗಡಿಗೆ ಹೋದೆ. ಅವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು, ಒಂದೇ ಏಟಿಗೆ ತೆಗೆದುಕೊಟ್ಟ. ಒಳ್ಳೆಯ ಮನುಷ್ಯ, ದಾರಿಯಲ್ಲಿ ಚೆಲ್ಲಬಾರದು ಎಂದು ಮತ್ತೆ ಅಷ್ಟೇ ಬಿಗಿಯಾಗಿ ಮುಚ್ಚಿಕೊಟ್ಟ! ಮನೆಗೆ ಬಂದು ನೋಡಿದರೆ ಮೊದಲಿನ ಕಥೆಯೇ. ಮತ್ತೆ ಹೋಗಲು ನಾಚಿಕೆಯಾಗಿ ಎರಡು ದಿನ ಮಾತ್ರೆಯನ್ನು ಬರೀ ನೀರಲ್ಲಿ ನುಂಗಿದೆ. ಮೂರನೇ ದಿನ ನಾಚಿಕೆ ಬಿಟ್ಟು ಅವನ ಕೈಯಲ್ಲೇ ಮತ್ತೆ ತೆಗೆಸಿಕೊಂಡು ಬಂದೆ. ಈಗ ಮುಚ್ಚಳವನ್ನು ಸುಮ್ಮನೆ ಮೇಲೆ ಇಟ್ಟಿರುತ್ತೇನೆ, ಇರುವೆಗಳಿಗೆ ಹಬ್ಬ. ಅಂಗಿಯ ತೋಳಿನ ಗುಂಡಿ ಹಾಕುವುದನ್ನು ಬಿಟ್ಟೇಬಿಟ್ಟಿದ್ದೇನೆ, ಮಡಿಸಿಕೊಳ್ಳುತ್ತೇನೆ. ಕ್ಷೌರಿಕ ನೋಡಿ, "ಏನ್ ಸಾರ್, ಈಚೆಗೆ ಹುಡುಗರ ಥರ ಸ್ಟೈಲು" ಎಂದ. ಹೌದಪ್ಪಾ, ಮದುವೆ ಗೊತ್ತಾಗಿದೆ ಎಂದೆ.

ಬೆಳಿಗ್ಗೆ ಎರಡು ಲೋಟ ಇಡುವುದು ಇನ್ನೂ ತಪ್ಪಿಲ್ಲ. ಇಟ್ಟ ಮೇಲೆ ಒಂದನ್ನು ತೊಳೆಯದೆಯೇ ವಾಪಸ್ ಇಡುತ್ತೇನೆ. ಮನೆ ಎಷ್ಟು ಸದ್ದಿಲ್ಲದೆ ಇದೆ ಎಂದರೆ ನನ್ನ ಮಂಡಿಯ ಲಟಕ್ ಸದ್ದು ನನಗೇ ಕೇಳುತ್ತದೆ. ನೀನಿದ್ದಾಗ ನಿನ್ನ ಪಾತ್ರೆಗಳ ಗದ್ದಲಕ್ಕೆ, ಕಿವಿ ಮಂದದವಳು ಪಾತ್ರೆ ಎಷ್ಟು ಜೋರಾಗಿ ಕುಕ್ಕುತ್ತಾಳೆ ಎಂದು ರೇಗುತ್ತಿದ್ದೆ. ಈಗ ಒಂದೊಂದು ಸಲ ನಾನೇ ಒಂದು ತಟ್ಟೆಯನ್ನು ಬೇಕೆಂದೇ ಕುಕ್ಕುತ್ತೇನೆ. ಮಹಡಿಯ ಕೋಣೆಗೆ ಹೋಗುವುದನ್ನು ನಿಲ್ಲಿಸಿದ್ದೇನೆ, ಕೆಳಗೇ ಹಾಸಿಗೆ ಹಾಕಿಕೊಂಡಿದ್ದೇನೆ. ಬೆನ್ನು ನೋವು ಎಂದು ಮಗಳಿಗೆ ಹೇಳಿದ್ದೇನೆ. ಬೆನ್ನು ಚೆನ್ನಾಗಿಯೇ ಇದೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನ್ನೆ ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ ಬಂದಿದ್ದರು. ನೀನು ವಾಪಸ್ ಬರುವುದಾದರೆ ಮನೆ ನಿನಗೆ ಸರಿಯಾಗಿದೆಯೇ ಎಂದು ನೋಡಿ, ಬರೆದುಕೊಂಡು ಹೋಗಬೇಕಂತೆ. ಮಗಳ ವಯಸ್ಸು, ಚುರುಕು ಹೆಂಗಸು. ಬಾಗಿಲಲ್ಲೇ ನಿನ್ನ ಕಾಲೊರಸು ನೋಡಿ, ಇದು ಜಾರತ್ತೆ, ತೆಗೀರಿ ಎಂದರು. ತೆಗೆದೆ. ದೀಪದ ವೈರು ದಾರಿಗೆ ಅಡ್ಡ ಇದೆ ಎಂದರು, ಗೋಡೆಗೆ ಸರಿಸಿದೆ. ಸ್ನಾನದ ಮನೆಯಲ್ಲಿ ಹಿಡಿಕೆ ಬೇಕು ಎಂದರು. ನಿನ್ನ ಹಳೇ ಚಪ್ಪಲಿ ಎತ್ತಿ, ಅಡಿ ಸವೆದು ನುಣ್ಣಗಾದದ್ದನ್ನು ನನ್ನ ಮೂಗಿನ ಮುಂದೆ ಹಿಡಿದರು. ನಿನ್ನನ್ನೇ ಹಿಡಿದು ಬೈಯುತ್ತಿದ್ದಾರೇನೋ ಅನ್ನಿಸಿ ನಾನು ಚಪ್ಪಲಿಯ ಪರ ವಾದ ಮಾಡಿದೆ. ದಿನಾ ಇಪ್ಪತ್ತು ನಿಮಿಷ ಬಿಸಿಲಲ್ಲಿ ಕೂರಬೇಕು, ಎರಡು ಕೈಯಲ್ಲೂ ಸಾಮಾನು ಹಿಡಿದು ಮೆಟ್ಟಿಲು ಇಳಿಯಬಾರದು, ಕತ್ತಲಲ್ಲಿ ಓಡಾಡಬಾರದು. ಎಲ್ಲಕ್ಕೂ ಆಗಲಿ ಎಂದೆ.

ಆಮೇಲೆ ನನ್ನನ್ನೇ ಹಿಡಿದುಕೊಂಡರು. ಕುರ್ಚಿಯಿಂದ ಕೈ ಊರದೆ ಎದ್ದು, ಆ ಗೋಡೆ ಮುಟ್ಟಿ ಬಂದು ಕೂರಿ ಎಂದರು, ಗಡಿಯಾರ ನೋಡುತ್ತಾ. ನಾನು ಎರಡು ಸಲ ಎದ್ದೆ, ಎರಡು ಸಲವೂ ಅಲ್ಲೇ ಕೂತೆ. ಮೂರನೇ ಸಲ ಕಳ್ಳತನದಲ್ಲಿ ಒಂದು ಕೈ ಊರಿದೆ. ಅವರು ನೋಡಿದರು, ಬರೆದುಕೊಂಡರು. "ಒಬ್ಬರೇ ಇದೀರಲ್ಲ, ನೀವು ಬಿದ್ರೆ ಯಾರನ್ನ ಕರೀತೀರಿ?" ಎಂದರು. ನಾನು ಯೋಚನೆಯನ್ನೇ ಮಾಡದೆ, "ಇವಳೇ ಅಂತೀನಿ" ಎಂದುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ, ಯಾರು ಎಂದು ಕೇಳಿದರು. ಅಭ್ಯಾಸ ಎಂದೆ. ಇದನ್ನೆಲ್ಲ ಮಗಳಿಗೆ ಹೇಳಬೇಡ, ನನ್ನನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾಳೆ.

ಕೊನೆಗೆ ಮೆಟ್ಟಿಲಿಗೆ ಬಂದರು. ಕೈಚೀಲದಿಂದ ಟೇಪು ತೆಗೆದಾಗ ನನಗೆ ರೇಗಿತು. ಅಮ್ಮಾ, ಇದು ನಾನೇ ಕಟ್ಟಿದ ಮೆಟ್ಟಿಲು, ಐವತ್ತು ವರ್ಷ ಈ ಊರಿನ ಮನೆಗಳಿಗೆಲ್ಲ ಮೆಟ್ಟಿಲು ಮಾಡಿಕೊಟ್ಟವನು ನಾನು, ಇದಕ್ಕೆ ಟೇಪು ಹಿಡಿಯುವ ಅಗತ್ಯವಿಲ್ಲ ಎಂದೆ. ಅಷ್ಟಕ್ಕೇ ಬಿಟ್ಟೆನೇ? ನನ್ನ ಹಳೇ ಪಾಠ ಪೂರ್ತಿ ಒಪ್ಪಿಸಿದೆ. ನಿನಗೆ ಬಾಯಿಪಾಠ ಬರುತ್ತದೆ. ಮೆಟ್ಟಿಲು ಇಳಿಯುವಾಗ ಕಣ್ಣು ಕೆಲಸ ಮಾಡುವುದು ಮೊದಲ ಎರಡು ಮೆಟ್ಟಿಲಿಗೆ ಮಾತ್ರ. ಅಷ್ಟರಲ್ಲಿ ಕಾಲು ಎತ್ತರ ಕಲಿತುಬಿಡುತ್ತದೆ, ಮಿಕ್ಕದ್ದನ್ನು ನಂಬಿಕೆಯ ಮೇಲೆ ಇಳಿಯುತ್ತದೆ. ಅದಕ್ಕೇ ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು, ಒಂದು ತಪ್ಪಿದರೂ ಕಾಲಿಗೆ ಮೋಸ ಮಾಡಿದ ಹಾಗೆ. ಅವರು ಕೇಳಿಸಿಕೊಂಡು, ನಕ್ಕು, ಟೇಪು ಒಳಗಿಟ್ಟರು. ಮಹಡಿಗೆ ಹೋಗಿ ಕೋಣೆ ನೋಡಿದರು. ನಾನು ಕೆಳಗೇ ನಿಂತಿದ್ದೆ. ಇಳಿಯುವಾಗ ಅವರು ಮೆಟ್ಟಿಲ ಪಕ್ಕದ ಕಂಬಿ ಹಿಡಿದೇ ಇಳಿದರು, ಕಾಗದ ಓದುತ್ತಾ ಬಂದರು. ಹದಿನಾಲ್ಕು ಮೆಟ್ಟಿಲು ಸರಾಗವಾಗಿ ಬಂದವರು ಹದಿನೈದನೆಯದರಲ್ಲಿ ಧಡಕ್ಕನೆ ಕಾಲು ಕುಕ್ಕಿ, ಮುಂದಕ್ಕೆ ಬಾಗಿ, ನನ್ನ ತೋಳು ಹಿಡಿದುಕೊಂಡರು. ಕಾಗದಗಳೆಲ್ಲ ಚೆಲ್ಲಾಪಿಲ್ಲಿ. ಏನೂ ಆಗಲಿಲ್ಲ, ಎಳೇ ಮೂಳೆ. "ಅಯ್ಯೋ, ನೆಲ ಬೇಗ ಬಂದ್ಬಿಡ್ತು" ಎಂದು ನಕ್ಕರು.

ನಾನು ನಗಲಿಲ್ಲ. ಬಗ್ಗಿ ಕಾಗದ ಆರಿಸಿಕೊಟ್ಟೆ, ಬಗ್ಗಿದವನಿಗೆ ಏಳಲು ಅವರೇ ಕೈ ಕೊಡಬೇಕಾಯಿತು. ಹೋಗುವಾಗ, ಮನೆ ಚೆನ್ನಾಗಿದೆ, ಹಲಗೆ ನೆಲ ಬೆಚ್ಚಗಿದೆ, ಅಮ್ಮನ ಮಂಡಿಗೆ ಒಳ್ಳೆಯದು ಎಂದರು. ಹೌದು, ಅವಳಿಗೆಂದೇ ಹಾಸಿದ್ದು ಎಂದೆ.

ಅವರು ಹೋದ ಮೇಲೆ ನಿನ್ನ ಕುರ್ಚಿಯನ್ನು ಕಿಟಕಿಯ ಬಿಸಿಲಿಗೆ ಎಳೆದು ಹಾಕಿದೆ. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸಿದೆ. ಖಾಲಿ ಕುರ್ಚಿಗೆ ಯಾಕೆ ಬಿಸಿಲು ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಸುಮಾರು ಹೊತ್ತು ಮೆಟ್ಟಿಲಿಗೆ ಬೆನ್ನು ಮಾಡಿಕೊಂಡು ಕೂತಿದ್ದೆ. ನೀನಿಲ್ಲದ ಮನೆಯಲ್ಲಿ ನನಗೆ ಬೇಜಾರು, ಇವಳೇ. ಬಾಯಿಬಿಟ್ಟು ಹೇಳಿದರೆ ಗಂಡಸಿನ ಮಾನ ಹೋಗುತ್ತದೆ ಎಂದು ಮೂರು ತಿಂಗಳು ಹೇಳಿರಲಿಲ್ಲ. ಬರೆಯುವುದು ಸುಲಭ, ನೀನು ನನ್ನ ಮುಖ ನೋಡುತ್ತಿರುವುದಿಲ್ಲವಲ್ಲ.

ಹಾಲು ಕುಡಿ, ಮಾತ್ರೆ ನುಂಗು, ಹೂಕುಂಡವನ್ನು ಅದರ ಪಾಡಿಗೆ ಬಿಡು. ಮಗಳಿಗೆ ನನ್ನ ಆಶೀರ್ವಾದ ಹೇಳು. ಅಳಿಯನಿಗೆ, ಅವನು ಕಳಿಸಿದ ನೋವಿನ ಎಣ್ಣೆ ಬಂತು, ಆದರೆ ಮುಚ್ಚಳ ತೆಗೆಯಲು ಯಾರನ್ನು ಕಳಿಸುತ್ತಾನೆ ಎಂದು ಕೇಳು. ವ್ಯಾಯಾಮ ಮಾಡಿಸುವ ಹುಡುಗಿಗೆ ನನ್ನ ನಮಸ್ಕಾರ. ನೀನು ನೂರು ಕಾಲ ಚೆನ್ನಾಗಿರು, ನನ್ನನ್ನು ಬೈಯುವಷ್ಟು ಗಟ್ಟಿಯಾಗಿರು.

ಇಂತು,
ನೀನು "ರೀ" ಎಂದು ಕರೆಯುವವನು

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸ್ ಬಂದಿದ್ದೇನೆ. ಬಾಯಿ ಹರಿದು, ನಿಂತುಕೊಂಡೇ ಬರೆಯುತ್ತಿದ್ದೇನೆ. ಒಂದು ಗಂಟೆಗೆ ಅಂಚೆಯವನು ಪೆಟ್ಟಿಗೆ ತೆರೆಯುತ್ತಾನೆ.

ನಿನ್ನೆ ಸಂಜೆ ನಾನೇ ಟೇಪು ಹಿಡಿದೆ. ಹದಿನಾಲ್ಕು ಮೆಟ್ಟಿಲೂ ಏಳೇಳು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕೊನೆಯದು ಐದೂಮುಕ್ಕಾಲು. ಒಂಬತ್ತು ವರ್ಷದ ಹಿಂದೆ ತಣ್ಣನೆಯ ನೆಲ ನಿನ್ನ ಮಂಡಿಗೆ ಆಗುವುದಿಲ್ಲ ಎಂದು ಹಳೇ ನೆಲದ ಮೇಲೆ ಹಲಗೆ ಹಾಸಿದೆನಲ್ಲ, ನೆಲ ಒಂದೂಕಾಲು ಇಂಚು ಮೇಲೆ ಬಂತು, ಮೆಟ್ಟಿಲು ಇದ್ದಲ್ಲೇ ಇತ್ತು. ಮರೆತುಹೋಯಿತು ಎಂದು ಬರೆಯಬಹುದು. ಮರೆತಿರಲಿಲ್ಲ. ಹಲಗೆ ಹಾಸಿದ ದಿನವೇ ಗೊತ್ತಿತ್ತು. ಸರಿ ಮಾಡಬೇಕಾದರೆ ಹದಿನೈದನ್ನೂ ಬಿಚ್ಚಿ ಹೊಸದಾಗಿ ಹೊಂದಿಸಬೇಕು. ಗಿರಾಕಿಗಳ ಕೆಲಸ ಮುಗಿಯಲಿ ಎಂದೆ. ಆಮೇಲೆ ಕೈ ಕೆಟ್ಟಿತು. ನನ್ನ ಕಾಲಿಗೆ ಅಭ್ಯಾಸವಾಗಿತ್ತು, ನಿನ್ನದಕ್ಕೂ ಆಗುತ್ತದೆ ಎಂದುಕೊಂಡೆ. ನೀನು ಎಷ್ಟು ಸಲ ಹೇಳಿದೆ, "ರೀ, ಇಲ್ಲಿ ನೆಲ ಬೇಗ ಬರತ್ತೆ" ಎಂದು. "ನೆಲ ಎಲ್ಲಿಗೂ ಬರಲ್ಲ ಕಣೇ, ನೀನೇ ಅದರ ಮೇಲೆ ಹೋಗ್ತೀಯ" ಎಂದು ನೆಂಟರ ಮುಂದೆಲ್ಲ ಹೇಳಿ ನಗಿಸಿದೆ. ಕೊನೆಗೆ ನೀನೂ ನಕ್ಕು, ಹೇಳುವುದನ್ನೇ ಬಿಟ್ಟೆ.

ಬೀದಿ ಕೊನೆಯ ಬಡಗಿ, ಮೊಳೆ ಬಿಟ್ಟರೆ ಬೇರೆ ಗೊತ್ತಿಲ್ಲ ಎಂದು ಮೂವತ್ತು ವರ್ಷ ನಾನು ಹೀಯಾಳಿಸಿದೆನಲ್ಲ, ಅವನ ಅಂಗಡಿಗೆ ಬೆಳಿಗ್ಗೆ ಹೋಗಿ ಬಂದೆ. ಮೆಟ್ಟಿಲು ಯಾಕೆ ಬಿಚ್ಚಬೇಕು ಎಂದು ಕೇಳಿದ. ಹೇಳಿದೆ. ಅವನು ಸೋಮವಾರ ಬರುತ್ತೇನೆ ಎಂದ. ನಾನು ಪಕ್ಕದಲ್ಲಿ ನಿಂತು ಅಳತೆ ಹೇಳುತ್ತೇನೆ, ಕೈ ಅವನದು.

ನಿನ್ನ ಕಾಲು ನನಗೆ ನಿಜವನ್ನೇ ಹೇಳುತ್ತಿತ್ತು, ಇವಳೇ. ಅದಕ್ಕೆ ನೆಲ ಎಲ್ಲಿದೆ ಎಂದು ಚೆನ್ನಾಗಿ ಗೊತ್ತು. ಸುಳ್ಳು ಹೇಳಿದ್ದು ನನ್ನ ಮೆಟ್ಟಿಲು, ಆಮೇಲೆ ನಾನು. ಆಸ್ಪತ್ರೆಯಲ್ಲಿ ನಾನು ಆಡಿದ್ದು ನಾಲ್ಕು ಜನರ ಮುಂದೆ, ಆದ್ದರಿಂದ ಇಷ್ಟನ್ನು ಮಗಳ ಮುಂದೆ, ಆ ವ್ಯಾಯಾಮದ ಹುಡುಗಿಯ ಮುಂದೆ ಗಟ್ಟಿಯಾಗಿ ಓದು. ಕಾಗದವನ್ನು ಮಗಳು ಹಿಡಿದುಕೊಳ್ಳಲಿ, ನಿನ್ನ ಎರಡು ಕೈಯೂ ಆ ನಾಲ್ಕು ಕಾಲಿನ ಕಂಬಿಯ ಮೇಲಿರಲಿ. ಕೂತು ಓದಬೇಡ. ಎದ್ದು ನಿಂತು ಓದು.